ಮಧುಮೇಹದ ಹೊಸ್ತಿಲಿನಲ್ಲಿ: ನಾಳೆಯನ್ನು ಕಣ್ಮುಂದೆ ತಂದುಕೊಳ್ಳುವ ಅಭ್ಯಾಸ

ರಕ್ತಪರೀಕ್ಷೆಯ ವರದಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಇನ್ನೂ ಸಕ್ಕರೆ ಕಾಯಿಲೆ ಬಂದಿಲ್ಲವಂತೆ, ಬರುವುದರಲ್ಲಿದೆಯಂತೆ, ನೋಡೋಣ" ಎಂದು ಹೇಳಿ ಎಂದಿನಂತೆ ಚಹಾದ ಗ್ಲಾಸಿಗೆ ಕೈನೀಡುವವರು ನಮ್ಮ ಜನರಲ್ಲಿ ಇಂದು ಎಷ್ಟೋ ಮಂದಿ ಇದ್ದಾರೆ. ಹೋಟೆಲಿನ ಅಡುಗೆಮನೆಯಲ್ಲಿದ್ದಾರೆ, ಆಫೀಸಿನ ಮೇಜುಗಳ ಹಿಂದೆಯೂ ಇದ್ದಾರೆ. ಇವರು ಅಜ್ಞಾನಿಗಳಲ್ಲ. ಸಕ್ಕರೆಯೂ ಅನ್ನವೂ ಕಡಿಮೆಯಾಗಬೇಕು, ನಡಿಗೆ ಹೆಚ್ಚಬೇಕು ಎಂಬುದನ್ನು ವೈದ್ಯರು ಹೇಳುವ ಮೊದಲೇ ಬಲ್ಲವರು. ಬಲ್ಲವರಾಗಿದ್ದೂ ಏಕೆ ಹಾಗೆ ನಡೆಯುವುದಿಲ್ಲ? ಈ ಪ್ರಶ್ನೆಯ ಬೆನ್ನು ಹತ್ತಿದ ಕೆಲವು ಮನಶ್ಶಾಸ್ತ್ರಜ್ಞರು ಕಳೆದ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಮನುಷ್ಯನ ಕಲ್ಪನಾಶಕ್ತಿಯನ್ನು ಪರೀಕ್ಷೆಗೆ ಒಡ್ಡಿರುವರು. ಅವರು ಕಂಡುಕೊಂಡದ್ದು ಊರು ಬಿಟ್ಟು ದುಡಿಯಲು ಬಂದ ನಮ್ಮ ವಾಚಕರಿಗೆ ವಿಶೇಷವಾಗಿ ಸಂಬಂಧಪಟ್ಟದ್ದೆಂದು ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೊಸ್ತಿಲು ಎಂದರೇನು?

ಮೊದಲು ರೋಗದ ಲೆಕ್ಕವನ್ನು ತಿಳಿದುಕೊಳ್ಳೋಣ. ರಾತ್ರಿ ಉಪವಾಸವಿದ್ದು ಬೆಳಿಗ್ಗೆ ಪರೀಕ್ಷಿಸಿದಾಗ ಒಂದು ಡೆಸಿಲೀಟರ್ ರಕ್ತದಲ್ಲಿ ಸಕ್ಕರೆಯು 100 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಸರಿ. 126 ಅಥವಾ ಅದಕ್ಕಿಂತ ಹೆಚ್ಚಾದರೆ ಮಧುಮೇಹ. ಇವೆರಡರ ನಡುವಿನದು, ಅಂದರೆ 100ರಿಂದ 125ರವರೆಗಿನದು, ಅಮೆರಿಕದ ಮಧುಮೇಹ ಸಂಘದ ಲೆಕ್ಕದಲ್ಲಿ ಪ್ರಿಡಯಾಬಿಟೀಸ್. ವಿಶ್ವ ಆರೋಗ್ಯ ಸಂಸ್ಥೆಯು ಇದರ ಕೆಳಗಿನ ಗೆರೆಯನ್ನು 110ರಲ್ಲಿ ಎಳೆದಿದೆ. ಎಚ್‌ಬಿಎ1ಸಿ ಎಂಬ ಇನ್ನೊಂದು ಪರೀಕ್ಷೆಯು ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಅದರಲ್ಲಿ ಶೇಕಡಾ 5.7ರಿಂದ 6.4ರವರೆಗೆ ಬಂದರೆ ಹೊಸ್ತಿಲು, 6.5ಕ್ಕೆ ಏರಿದರೆ ಒಳಗೆ ಕಾಲಿಟ್ಟಂತೆ.

ಈ ಸ್ಥಿತಿಯ ದೊಡ್ಡ ಅಪಾಯವೆಂದರೆ ಇದು ನೋಯುವುದಿಲ್ಲ. ಹಲ್ಲುನೋವು ರಾತ್ರಿ ನಿದ್ದೆಗೆಡಿಸುತ್ತದೆ, ಮರುದಿನ ವೈದ್ಯರಲ್ಲಿಗೆ ಎಳೆದೊಯ್ಯುತ್ತದೆ. ಹೊಸ್ತಿಲಿನ ಸಕ್ಕರೆಗೆ ಅಂತಹ ಬಾಯಿಯೇ ಇಲ್ಲ. ಕಣ್ಣು, ಮೂತ್ರಪಿಂಡ, ಪಾದದ ನರ, ಹೃದಯ ಇವುಗಳಿಗೆ ಹಾನಿಯಾಗುವುದು ಬಹುತೇಕ ವರ್ಷಗಳ ಮೇಲೆ. ಇಡೀ ದಿನ ನಿಂತು ದುಡಿಯುವ ಸಪ್ಲಾಯರನಿಗೆ ಪಾದವೇ ಬಂಡವಾಳ, ಅಕ್ಷರವನ್ನೂ ಅಂಕಿಯನ್ನೂ ನೋಡಿ ಸಂಬಳ ಪಡೆಯುವ ಗುಮಾಸ್ತನಿಗೆ ಕಣ್ಣೇ ಬಂಡವಾಳ. ಆದರೆ ಬಂಡವಾಳ ಕರಗುವ ಸದ್ದು ಇಂದು ಕೇಳಿಸುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಚೆನ್ನೈಯ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದವರು ನಡೆಸಿದ ದೇಶವ್ಯಾಪಿ ಸಮೀಕ್ಷೆಯು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ, ಹೊಸ್ತಿಲಿನಲ್ಲಿ ನಿಂತವರು ಸುಮಾರು 13.6 ಕೋಟಿ. ನಮ್ಮ ಜನಕ್ಕೆ ಈ ರೋಗವು ಪಾಶ್ಚಾತ್ಯರಿಗಿಂತ ಎಳೆಯ ವಯಸ್ಸಿನಲ್ಲಿಯೇ, ಅಷ್ಟೇನೂ ದಪ್ಪವಿಲ್ಲದ ಮೈಯಲ್ಲಿಯೇ ಬರುತ್ತದೆ. ಆದುದರಿಂದ "ನಾನು ತೆಳ್ಳಗಿದ್ದೇನೆ, ನನಗೇನು?" ಎಂಬ ಧೈರ್ಯಕ್ಕೆ ಆಧಾರವಿಲ್ಲ.

ಹಿಂದಿರುಗುವ ದಾರಿಯಿದೆ

ಇಷ್ಟು ಹೇಳಿ ಹೆದರಿಸಿ ನಿಲ್ಲಿಸುವುದು ನ್ಯಾಯವಲ್ಲ. ಹೊಸ್ತಿಲಿನಿಂದ ಹಿಂದಕ್ಕೆ ಬರಬಹುದೆಂಬುದಕ್ಕೆ ಗಟ್ಟಿಯಾದ ಪುರಾವೆಗಳಿವೆ. ಅಮೆರಿಕದಲ್ಲಿ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೈತೂಕವನ್ನು ಶೇಕಡಾ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯಬೇಕೆಂಬ ಗುರಿಯನ್ನು ಕೊಟ್ಟವರಲ್ಲಿ ಮಧುಮೇಹವು ಶೇಕಡಾ 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಗುಳಿಗೆ ಕೊಟ್ಟವರಲ್ಲಿ ಶೇಕಡಾ 31ರಷ್ಟು. ಚೀನದ ದಾಚಿಂಗ್ ನಗರದಲ್ಲಿ 1986ರಲ್ಲಿ ಆರಂಭವಾದ ಪ್ರಯೋಗವು ಆರು ವರ್ಷ ನಡೆಯಿತು. ಮೂವತ್ತು ವರ್ಷಗಳ ಬಳಿಕ ತೆಗೆದ ಲೆಕ್ಕವು 2019ರಲ್ಲಿ ಹೊರಬಂದಾಗ, ಪಥ್ಯ ನಡಿಗೆಗಳನ್ನು ರೂಢಿಸಿಕೊಂಡವರಿಗೆ ಮಧುಮೇಹವು ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದ್ರೋಗವೂ ಕಡಿಮೆಯಿತ್ತು.

ನಮಗೆ ಹತ್ತಿರದ್ದು ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡವು 531 ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಮೂರು ವರ್ಷಗಳಲ್ಲಿ, ಸಾಧಾರಣ ಸಲಹೆಯನ್ನಷ್ಟೇ ಪಡೆದವರಲ್ಲಿ ಶೇಕಡಾ 55 ಮಂದಿ ಮಧುಮೇಹಿಗಳಾದರು. ಆಹಾರ ಮತ್ತು ನಡಿಗೆಯ ಕ್ರಮವನ್ನು ಹಿಡಿದವರಲ್ಲಿ ಶೇಕಡಾ 39.3. ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬೇಕು. ಏನೂ ಮಾಡದಿದ್ದರೆ ಹೊಸ್ತಿಲಿನಲ್ಲಿರುವ ಇಬ್ಬರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿ ಕೆಲವೇ ವರ್ಷಗಳಲ್ಲಿ ಒಳಗೆ ಹೋಗುತ್ತಾರೆ ಎಂಬುದು ಒಂದು. ಕ್ರಮ ಹಿಡಿದರೆ ಹಲವರು ಹೊರಗೇ ಉಳಿಯುತ್ತಾರೆ ಎಂಬುದು ಇನ್ನೊಂದು. ದಾರಿ ತಿಳಿದಿದೆ, ನಡೆಯುವವರು ಕಡಿಮೆ.

ನಾಳೆಯ ಬೆಲೆ ಏಕೆ ಇಳಿಯುತ್ತದೆ?

ಇದಕ್ಕೆ ಶಾಸ್ತ್ರಜ್ಞರು ಕೊಡುವ ಕಾರಣವು ನಮ್ಮ ವಾಚಕರಿಗೆ ಹೊಸದಲ್ಲ. ಚೀಟಿ ಹಾಕಿದ ಪ್ರತಿಯೊಬ್ಬನೂ ಅದನ್ನು ಬಲ್ಲನು. ಒಂದು ಲಕ್ಷದ ಚೀಟಿಯನ್ನು ಕೊನೆಯವರೆಗೆ ಕಾದರೆ ಪೂರ್ತಿ ಹಣ ಬರುತ್ತದೆ. ಆದರೆ ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಎಪ್ಪತ್ತೈದು ಸಾವಿರಕ್ಕೆ ಕೂಗಿ ಎತ್ತಿಕೊಳ್ಳುತ್ತೇವೆ. ದೂರದ ಲಕ್ಷಕ್ಕಿಂತ ಹತ್ತಿರದ ಮುಕ್ಕಾಲು ಲಕ್ಷವೇ ದೊಡ್ಡದಾಗಿ ಕಾಣುತ್ತದೆ. ಮನುಷ್ಯನ ಮನಸ್ಸು ಎಲ್ಲ ವಿಷಯಗಳಲ್ಲಿಯೂ ಹೀಗೆಯೇ ಚೀಟಿ ಕೂಗುತ್ತಿರುತ್ತದೆ. ಹತ್ತು ವರ್ಷದ ಮೇಲೆ ಗಟ್ಟಿಯಾಗಿರುವ ಮೂತ್ರಪಿಂಡ ಮತ್ತು ಈಗ ಎದುರಿಗಿರುವ ತುಪ್ಪ ಸುರಿದ ಶೀರಾ, ಇವೆರಡನ್ನು ತಕ್ಕಡಿಯಲ್ಲಿಟ್ಟರೆ ಶೀರಾದ ತಟ್ಟೆಯೇ ತಗ್ಗುತ್ತದೆ.

ಈ ಇಳಿತವು ಎಲ್ಲರಲ್ಲಿಯೂ ಒಂದೇ ಸಮನಾಗಿಲ್ಲ. "ಇಂದು ಐದುನೂರು ಬೇಕೆ, ತಿಂಗಳ ಬಳಿಕ ಸಾವಿರ ಬೇಕೆ?" ಎಂಬಂತಹ ಪ್ರಶ್ನೆಗಳನ್ನು ಒಂದರ ಮೇಲೊಂದು ಕೇಳಿ ಪ್ರತಿಯೊಬ್ಬನ ಇಳಿತವನ್ನು ಅಳೆಯುವ ಕ್ರಮವಿದೆ. ಬಡತನ ಇದನ್ನು ಹೆಚ್ಚಿಸುತ್ತದೆ. ಕೆಲಸ ಹೋಯಿತೆಂದು ಊಹಿಸಿಕೊಳ್ಳಿರಿ ಎಂದು ಹೇಳಿ ಪರೀಕ್ಷಿಸಿದಾಗಲೇ ಜನರು ನಾಳೆಯನ್ನು ಇನ್ನಷ್ಟು ಅಗ್ಗಕ್ಕೆ ಮಾರುವುದು ಕಂಡುಬಂದಿದೆ. ಆದುದರಿಂದ ಪಥ್ಯ ಮಾಡದ ಬಡವನನ್ನು ಸೋಮಾರಿ, ಬಾಯಿಚಪಲದವನು ಎಂದು ಹಳಿಯುವುದು ಅನ್ಯಾಯ. ಇಂದಿನ ಇಕ್ಕಟ್ಟು ಅವನ ಕಣ್ಣನ್ನು ಇಂದಿನ ಮೇಲೆಯೇ ಕಟ್ಟಿಹಾಕಿರುತ್ತದೆ.

ಕಲ್ಪನೆಯ ಪರೀಕ್ಷೆ

ಹಾಗಾದರೆ ದೂರದ ನಾಳೆಯನ್ನು ಹತ್ತಿರಕ್ಕೆ ತರಲು ಸಾಧ್ಯವೆ? ಮನಸ್ಸಿನಲ್ಲಿ ಅದನ್ನು ಒಂದು ಘಟನೆಯಾಗಿ, ಸ್ಥಳ ಹೊತ್ತು ಜನರ ಸಮೇತ ಕಾಣುವುದಕ್ಕೆ ಶಾಸ್ತ್ರದಲ್ಲಿ ಒಂದು ಹೆಸರೇ ಇದೆ. ಕೆನಡಾದ ಕ್ರಿಸ್ಟಿನಾ ಅಟಾನ್ಸ್ ಮತ್ತು ಡ್ಯಾನಿಯೆಲಾ ಓನೀಲ್ ಎಂಬವರು 2001ರಲ್ಲಿ ಅದನ್ನು ವಿವರಿಸಿ ಬರೆದರು. ಕನ್ನಡದಲ್ಲಿ ನಾವು 'ನಾಳೆಯ ದರ್ಶನ' ಎನ್ನೋಣ. ಇದು ಆಸೆಯಲ್ಲ, ಭವಿಷ್ಯವಾಣಿಯೂ ಅಲ್ಲ. ನಿನ್ನೆ ನಡೆದುದನ್ನು ನೆನಪಿಸಿಕೊಳ್ಳುವ ಶಕ್ತಿಯನ್ನೇ ಮುಂದಕ್ಕೆ ತಿರುಗಿಸುವುದು. ನೆನಪೇ ಇದರ ಕಚ್ಚಾ ಸಾಮಗ್ರಿ. 1981ರಲ್ಲಿ ಮೋಟರ್ ಸೈಕಲ್ ಅಪಘಾತಕ್ಕೆ ಸಿಕ್ಕಿ ತನ್ನ ಬಾಳಿನ ಘಟನೆಗಳ ನೆನಪನ್ನೆಲ್ಲ ಕಳೆದುಕೊಂಡ ಕೆನಡಾದ ರೋಗಿಯೊಬ್ಬನಿಗೆ, ನಾಳೆ ಏನು ಮಾಡುವೆ ಎಂದು ಕೇಳಿದರೆ ಮನಸ್ಸು ಬರಿದಾಗಿ ತೋರುತ್ತಿತ್ತೆಂದು ಅವನನ್ನು ಪರೀಕ್ಷಿಸಿದ ಎಂಡೆಲ್ ಟಲ್ವಿಂಗ್ ಎಂಬ ವಿದ್ವಾಂಸರು ದಾಖಲಿಸಿರುವರು.

2010ರಲ್ಲಿ ಜರ್ಮನಿಯ ಯಾನ್ ಪೀಟರ್ಸ್ ಮತ್ತು ಕ್ರಿಶ್ಚಿಯನ್ ಬೂಖೆಲ್ ಎಂಬವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಈಗಿನ ಸಣ್ಣ ಹಣ, ಮುಂದಿನ ದೊಡ್ಡ ಹಣ ಇವುಗಳ ಆಯ್ಕೆಯನ್ನು ಕೊಡುವಾಗ, ಆ ಮುಂದಿನ ದಿನದ ಹೊತ್ತಿಗೆ ಆ ವ್ಯಕ್ತಿಯೇ ಹಾಕಿಕೊಂಡಿದ್ದ ಯೋಜನೆಯೊಂದನ್ನು, ಒಂದು ಪ್ರವಾಸವನ್ನೋ ಸಮಾರಂಭವನ್ನೋ, ಒಂದೆರಡು ಪದಗಳಲ್ಲಿ ನೆನಪಿಸಿದರು. ಅಷ್ಟರಿಂದಲೇ ಜನರು ಕಾಯುವ ಕಡೆಗೆ ಹೆಚ್ಚಾಗಿ ವಾಲಿದರು. ಚಿತ್ರವು ಮನಸ್ಸಿನಲ್ಲಿ ಎಷ್ಟು ನಿಚ್ಚಳವಾಗಿ ಮೂಡಿತೋ ಅಷ್ಟು ಪರಿಣಾಮ ಹೆಚ್ಚು.

ಇದನ್ನು ಊಟದ ತಟ್ಟೆಗೆ ತಂದವರು ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಲೆನರ್ಡ್ ಎಪ್‌ಸ್ಟೈನ್ ಮತ್ತು ಅವರ ಸಂಗಡಿಗರು. 2013ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ದಪ್ಪ ಮೈಯ ಹೆಂಗಸರು ತಮ್ಮ ಮುಂದಿನ ದಿನಗಳ ಘಟನೆಗಳನ್ನು ತಮ್ಮದೇ ಧ್ವನಿಯಲ್ಲಿ ಮುದ್ರಿಸಿ, ಬೇಕಾದಷ್ಟು ತಿನ್ನಬಹುದಾದ ತಿಂಡಿಗಳ ಎದುರಿಗೆ ಕುಳಿತಾಗ ಅದನ್ನು ಕೇಳಿದರು. ಹಾಗೆ ಕೇಳಿದವರು ಕಡಿಮೆ ತಿಂದರು. 2017ರಲ್ಲಿ ಇದೇ ತಂಡದವರು ಇಕ್ಕಟ್ಟಿನ ಸ್ಥಿತಿಯನ್ನು ಊಹಿಸಿಕೊಂಡವರಲ್ಲಿಯೂ ನಾಳೆಯ ದರ್ಶನವು ಕೆಲಸ ಮಾಡುವುದೆಂದು ತೋರಿಸಿದರು. ಬಳಿಕ ವರ್ಜೀನಿಯಾದ ವಾರೆನ್ ಬಿಕೆಲ್ ಅವರೊಡನೆ ಸೇರಿ ಮಧುಮೇಹದ ಹೊಸ್ತಿಲಿನಲ್ಲಿರುವವರನ್ನೇ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರಯೋಗಶಾಲೆಯಲ್ಲಿ ಮಾತ್ರವಲ್ಲದೆ ಮನೆಯಲ್ಲಿಯೂ ಅವರು ನಾಳೆಗೆ ಕೊಡುವ ಬೆಲೆ ಏರಿತು.

ಆದರೆ ವಾಚಕರಿಗೆ ಅರ್ಧ ಸತ್ಯವನ್ನು ಹೇಳುವುದು ಪತ್ರಿಕೆಯ ಧರ್ಮವಲ್ಲ. ಆರು ತಿಂಗಳ ಕಾಲ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಎರಡು ಗುಂಪುಗಳಿಗೂ ಆಹಾರ ಮತ್ತು ವ್ಯಾಯಾಮದ ಶಿಕ್ಷಣವನ್ನು ಕೊಟ್ಟಿದ್ದರು. ಒಂದು ಗುಂಪಿಗೆ ಮಾತ್ರ ನಾಳೆಯ ದರ್ಶನದ ಅಭ್ಯಾಸ ಹೆಚ್ಚಿನದು. ಆ ಗುಂಪಿನವರ ಮನಸ್ಸು ನಾಳೆಯ ಕಡೆಗೆ ತಿರುಗಿತು, ನಿಜ. ಆದರೆ ತೂಕವೂ ಸಕ್ಕರೆಯೂ ಎರಡು ಗುಂಪುಗಳಲ್ಲಿಯೂ ಇಳಿದುವು. ಕಲ್ಪನೆ ಮಾಡಿದವರು ಅದರಲ್ಲಿ ಬಹಳ ಮುಂದೆ ಹೋಗಲಿಲ್ಲ. ಇದರಿಂದ ನಾವು ತಿಳಿಯಬೇಕಾದುದು ಇಷ್ಟೆ: ಪಥ್ಯವೂ ನಡಿಗೆಯೂ ಔಷಧ, ಕಲ್ಪನೆಯು ಆ ಔಷಧವನ್ನು ಬಾಯಿಗೆತ್ತುವ ಕೈ. ಔಷಧವಿಲ್ಲದೆ ಬರಿಯ ಕೈಯನ್ನು ಬಾಯಿಗೆ ಒಯ್ದರೆ ರೋಗ ಗುಣವಾಗದು.

ಎಂತಹ ನಾಳೆ?

ಇಲ್ಲೊಂದು ಎಚ್ಚರಿಕೆ ಬೇಕು. ಹಗಲುಗನಸೂ ನಾಳೆಯ ದರ್ಶನವೂ ಒಂದಲ್ಲ. "ಕೂಸು ಹುಟ್ಟುವ ಮುಂಚೆ ಕುಲಾವಿ" ಎಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರು ಇದನ್ನು ಬಲ್ಲವರೇ ಆಗಿದ್ದರು. ಜರ್ಮನ್ ವಿದುಷಿ ಗೇಬ್ರಿಯೆಲ್ ಎಟಿಂಗೆನ್ ಅವರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವು ಸುಲಭವಾಗಿ ತೆಳ್ಳಗಾಗಿಬಿಟ್ಟಂತೆ ಸವಿಗನಸು ಕಂಡವರು ಅಷ್ಟಾಗಿ ಕಾಣದವರಿಗಿಂತ ಕಡಿಮೆ ತೂಕ ಇಳಿಸಿದ್ದರು. ಗುರಿ ತಲುಪಿದಂತೆಯೇ ಮನಸ್ಸು ಭ್ರಮಿಸಿ ಸುಮ್ಮನಾಗುವುದು. ಆದುದರಿಂದ ಕಾಣುವ ಚಿತ್ರದಲ್ಲಿ ಎದುರಾಗುವ ಅಡ್ಡಿಯೂ ಇರಬೇಕು, ಅದನ್ನು ದಾಟುವ ಉಪಾಯವೂ ಇರಬೇಕೆಂದು ಅವರ ಮುಂದಿನ ಸಂಶೋಧನೆಗಳ ಸಾರ.

ಹೆದರಿಕೆಯ ಚಿತ್ರವನ್ನೇ ನಂಬಿಕೊಳ್ಳುವುದೂ ಜಾಣತನವಲ್ಲ. ಕತ್ತರಿಸಿದ ಕಾಲಿನ ಪಟವನ್ನು ತೋರಿಸಿದರೆ ಒಂದು ವಾರ ಸಕ್ಕರೆ ಬಿಡುವವರಿದ್ದಾರೆ. ಆ ಬಳಿಕ ಪಟವನ್ನೇ ಮರೆತು ಪರೀಕ್ಷೆಗೂ ಹೋಗದವರೂ ಇದ್ದಾರೆ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಬಳಸಿದುದು ರೋಗದ ಚಿತ್ರವನ್ನಲ್ಲ. ಅವರವರು ಎದುರುನೋಡುತ್ತಿದ್ದ ಸಂತೋಷದ ದಿನಗಳನ್ನು. ಆ ಚಿತ್ರಗಳಲ್ಲಿ ಸಕ್ಕರೆಯ ಮಾತೇ ಇರಬೇಕೆಂದಿಲ್ಲ. ನಾಳೆಯು ನಿಜವಾಗಿ ಬರುವುದೆಂಬ ಭಾವನೆ ಗಟ್ಟಿಯಾದರೆ ಸಾಕು, ಇಂದಿನ ತುತ್ತು ತನ್ನ ಯೋಗ್ಯ ಗಾತ್ರಕ್ಕೆ ಇಳಿಯುತ್ತದೆ.

ಈ ವಿದ್ಯೆ ನಮಗೆ ಹೊಸದೆ?

ಇನ್ನು ನಮ್ಮವರ ಮಾತಿಗೆ ಬರೋಣ. ಹೊರನಾಡಿನ ಕನ್ನಡಿಗನಿಗೆ ನಾಳೆಯನ್ನು ಕಾಣುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕರಾವಳಿಯ ಹಳ್ಳಿಯಿಂದ ಹುಡುಗನಾಗಿ ಬಂದು, ಮುಂಬಯಿಯ ಹೋಟೆಲಿನಲ್ಲಿ ಹಗಲೆಲ್ಲ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಕೆಯನ್ನು ತಡೆದು ಕುಳಿತವರ ತಲೆಮಾರುಗಳೇ ಇಲ್ಲಿ ಆಗಿಹೋಗಿವೆ. ಆ ಹುಡುಗರಿಗೆ ನಿದ್ದೆಯ ಸುಖ ಎದುರಿಗೇ ಇತ್ತು. ಪರೀಕ್ಷೆಯ ಫಲ ವರ್ಷಗಳ ಆಚೆಗಿತ್ತು. ಆದರೂ ಫಲವನ್ನೇ ಆರಿಸಿಕೊಂಡರು. ಏಕೆ? ಗುಮಾಸ್ತನ ಕುರ್ಚಿಯಲ್ಲಿ ತಾನು ಕುಳಿತಿರುವುದು ಅವರಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಇಂದಿಗೂ ಸಪ್ಲಾಯರನೊಬ್ಬ ಹೊಸ ಅಂಗಿಯ ಆಸೆಯನ್ನು ನುಂಗಿ ಊರಿಗೆ ಹಣ ಕಳುಹಿಸುವಾಗ, ಅವನ ಕಣ್ಣಮುಂದೆ ತಂಗಿಯ ಮದುವೆಯ ಚಪ್ಪರವಿದೆ, ಹಂಚು ಹೊದಿಸಿದ ಮನೆಯಿದೆ, ಅಂಗಳದಲ್ಲಿ ಕುಳಿತ ತಾಯಿಯಿದ್ದಾಳೆ.

ಹೋಟೆಲಿನ ಗಲ್ಲಾದ ಹಿಂದೆ ಬಹುಕಾಲ ಕುಳಿತಿದ್ದವರಾದ ನಾವು ಇದನ್ನು ದಿನದಿನವೂ ಕಂಡವರು. ಹಣದ ವಿಷಯದಲ್ಲಿ ಇಪ್ಪತ್ತು ವರ್ಷ ಮುಂದಕ್ಕೆ ನೋಡುವ ಅದೇ ಮನುಷ್ಯನು ದೇಹದ ವಿಷಯದಲ್ಲಿ ಸಂಜೆಯ ಪಾಳಿಯವರೆಗೂ ನೋಡುವುದಿಲ್ಲ. ಅವನು ಕಟ್ಟಿಕೊಂಡ ನಾಳೆಯ ಚಿತ್ರದಲ್ಲಿ ಮನೆಯಿದೆ, ತೋಟವಿದೆ, ಮಕ್ಕಳ ಓದಿದೆ. ಅದರಲ್ಲಿ ಅವನದೇ ಕಾಲು, ಕಣ್ಣು, ಉಸಿರು ಇವುಗಳಿಗೆ ಜಾಗವಿಲ್ಲ. ಅವು ಹೇಗೂ ಇರುತ್ತವೆಂದು ತಿಳಿದಿದ್ದಾನೆ. ಮನೆಯೊಕ್ಕಲಿನ ದಿನ ಮೆಟ್ಟಲು ಹತ್ತುವವನು ಯಾರು, ಮಗಳ ಕೈಹಿಡಿದು ಧಾರೆ ಎರೆಯುವವನು ಯಾರು ಎಂದು ಆ ಚಿತ್ರವನ್ನು ಇನ್ನೊಮ್ಮೆ ನೋಡಿದರೆ ಸಾಕು. ಉಳಿತಾಯದ ಲೆಕ್ಕದಲ್ಲಿ ದೇಹವನ್ನು ಸೇರಿಸುವುದೇ ನಾವು ಹೇಳುವ ಹೊಸ ಪಾಠ. ಉಳಿದುದೆಲ್ಲ ನಮ್ಮವರಿಗೆ ಬರುವ ವಿದ್ಯೆಯೇ.

ಅಭ್ಯಾಸದ ಕ್ರಮ

ಆಸಕ್ತರಿಗಾಗಿ ಕ್ರಮವನ್ನು ಸಂಕ್ಷೇಪವಾಗಿ ಬರೆಯುತ್ತೇವೆ. ಒಂದು ತಿಂಗಳು, ಆರು ತಿಂಗಳು, ಒಂದು ವರ್ಷ, ಹೀಗೆ ಮೂರು ಕಾಲಗಳನ್ನು ಆರಿಸಿಕೊಳ್ಳಿರಿ. ಒಂದೊಂದಕ್ಕೂ ನೀವು ನಿಜವಾಗಿ ಎದುರುನೋಡುತ್ತಿರುವ, ನಡೆಯುವ ಸಂಭವವಿರುವ ಒಂದು ಘಟನೆ ಇರಲಿ. "ಊರಿಗೆ ಹೋಗುವೆನು" ಎಂದರೆ ಸಾಲದು. ಯಾವ ಬಸ್ಸಿನಿಂದ ಇಳಿಯುವಿರಿ, ಎದುರಿಗೆ ಯಾರು ಬರುವರು, ಕೈಯಲ್ಲಿ ಏನಿದೆ, ಮಳೆಯ ವಾಸನೆಯೋ ಬಿಸಿಲೋ, ಗುಡ್ಡೆಯ ದಾರಿಯನ್ನು ಏದುಸಿರಿಲ್ಲದೆ ಹತ್ತುವಿರೋ ಎಂಬವರೆಗೆ ಬರೆಯಿರಿ. ನಾಲ್ಕೈದು ವಾಕ್ಯಗಳು ಸಾಕು. ಅದನ್ನು ಮೊಬೈಲಿನಲ್ಲಿ ನಿಮ್ಮ ಧ್ವನಿಯಲ್ಲಿಯೇ ಮುದ್ರಿಸಿಕೊಳ್ಳಿರಿ. ಓದುಬರಹ ಕಡಿಮೆಯಿದ್ದವರಿಗೆ ಇದು ಇನ್ನೂ ಅನುಕೂಲ.

ಮುಖ್ಯವಾದುದು, ಅದನ್ನು ಕೇಳುವ ಹೊತ್ತು. ಬೆಳಿಗ್ಗೆ ದೇವರ ದೀಪದ ಮುಂದೆ ಒಮ್ಮೆ ಕೇಳಿ ಮರೆತರೆ ಪ್ರಯೋಜನವಿಲ್ಲ. ಮನಸ್ಸು ಜಾರುವ ಹೊತ್ತಿಗೆ ಸ್ವಲ್ಪ ಮುಂಚೆ ಕೇಳಬೇಕು. ಗುಮಾಸ್ತರಿಗೆ ಅದು ನಾಲ್ಕು ಗಂಟೆಯ ಚಹಾ, ಯಾರದೋ ಹುಟ್ಟುಹಬ್ಬದ ಪೇಡೆ, ಸ್ಟೇಷನ್ನಿನ ಹೊರಗಿನ ವಡಾಪಾವ್. ಹೋಟೆಲಿನವರಿಗೆ ಅದು ಮಧ್ಯಾಹ್ನದ ಗಿರಾಕಿಗಳು ಇಳಿದ ಮೇಲೆ ಉಳಿದ ಸಿಹಿ, ದಿನಕ್ಕೆ ಎಂಟು ಹತ್ತು ಸಲ ಒಳಗಿಳಿಯುವ ಕಟಿಂಗ್ ಚಹಾ, ಶಟರ್ ಇಳಿಸಿದ ಬಳಿಕ ಹನ್ನೆರಡು ಗಂಟೆಯ ಅನ್ನದ ರಾಶಿ. ಆ ಹೊತ್ತಿನಲ್ಲಿ ಮಾಡುವ ಒಂದು ಸಣ್ಣ ನಿರ್ಧಾರವನ್ನೂ ಮೊದಲೇ ಗೊತ್ತುಮಾಡಿಕೊಳ್ಳಿರಿ: ಚಹಾಕ್ಕೆ ಸಕ್ಕರೆ ಬೇಡ, ಅನ್ನ ಅರ್ಧ ಪಲ್ಯ ಎರಡರಷ್ಟು, ಮನೆಗೆ ಒಂದು ಸ್ಟೇಷನ್ ಮೊದಲೇ ಇಳಿದು ನಡಿಗೆ. ಮೂರು ತಿಂಗಳಿಗೊಮ್ಮೆಯೋ ಆರು ತಿಂಗಳಿಗೊಮ್ಮೆಯೋ, ವೈದ್ಯರು ಹೇಳಿದಂತೆ, ಮತ್ತೆ ಪರೀಕ್ಷೆ ಮಾಡಿಸಿರಿ. ಗುಳಿಗೆ ಕೊಟ್ಟಿದ್ದರೆ ಅವರನ್ನು ಕೇಳದೆ ಬಿಡಬೇಡಿರಿ.

ಮಾಲಿಕರಿಗೆ ಒಂದು ಮಾತು

ಕೊನೆಯದಾಗಿ ನಮ್ಮ ಹೋಟೆಲ್ ಮಾಲಿಕ ಬಂಧುಗಳಲ್ಲಿ ವಿನಂತಿ. ಇಕ್ಕಟ್ಟು ಹೆಚ್ಚಿದಷ್ಟೂ ನಾಳೆ ಕಾಣದಾಗುವುದೆಂದು ಮೇಲೆ ಹೇಳಿದೆವು. ರಜೆಯೇ ಗೊತ್ತಿಲ್ಲದವನಿಗೆ, ನಾಳೆ ಕೆಲಸ ಇದೆಯೋ ಇಲ್ಲವೋ ಎಂಬ ಅಂಜಿಕೆಯಲ್ಲಿರುವವನಿಗೆ, ಆರು ತಿಂಗಳಾಚೆಯ ದಿನವನ್ನು ಕಾಣು ಎಂದರೆ ಅದು ಪರಿಹಾಸ್ಯವಾದೀತು. ಊರಿಗೆ ಹೋಗುವ ರಜೆಯ ತಾರೀಕನ್ನು ಮುಂಚಿತವಾಗಿ ನಿಶ್ಚಯಿಸಿ ಹೇಳಿದರೆ, ಕೆಲಸಗಾರನ ನಾಳೆಗೆ ಒಂದು ಗಟ್ಟಿಯಾದ ಗೂಟವನ್ನು ನೆಟ್ಟಂತಾಗುತ್ತದೆ. ಸ್ಟಾಫಿನ ಊಟದಲ್ಲಿ ಒಂದು ತರಕಾರಿ, ಒಂದು ಬೇಳೆ ಹೆಚ್ಚಾದರೆ, ಸಕ್ಕರೆ ಹಾಕದ ಚಹಾದ ಕೆಟಲ್ ಒಂದು ಬೇರೆಯಾಗಿ ಇದ್ದರೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆಗೆ ಅರ್ಧ ದಿನದ ಬಿಡುವನ್ನು ಸಂಬಳ ಕಡಿಯದೆ ಕೊಟ್ಟರೆ, ಗಲ್ಲಾಪೆಟ್ಟಿಗೆ ಬರಿದಾಗುವುದಿಲ್ಲ. ನುರಿತ ಅಡುಗೆಭಟ್ಟರೊಬ್ಬರು ನಲವತ್ತೈದರಲ್ಲಿ ಹಾಸಿಗೆ ಹಿಡಿದರೆ ಆಗುವ ನಷ್ಟವೆಷ್ಟೆಂದು ಮಾಲಿಕರೇ ಲೆಕ್ಕ ಹಾಕಲಿ.

ಸಣ್ಣ ನೆರವೂ ವ್ಯರ್ಥವಲ್ಲವೆಂಬುದಕ್ಕೆ ಡಾ. ರಾಮಚಂದ್ರನ್ ಅವರ ತಂಡದ ಇನ್ನೊಂದು ಪ್ರಯೋಗವೇ ಸಾಕ್ಷಿ. ಹೊಸ್ತಿಲಿನಲ್ಲಿದ್ದ 537 ಮಂದಿ ಉದ್ಯೋಗಸ್ಥ ಗಂಡಸರನ್ನು ಆರಿಸಿ, ಅರ್ಧದಷ್ಟು ಜನರಿಗೆ ಆಹಾರ ನಡಿಗೆಗಳನ್ನು ನೆನಪಿಸುವ ಸಣ್ಣ ಸಂದೇಶಗಳನ್ನು ಮೊಬೈಲಿಗೆ ಕಳುಹಿಸುತ್ತ ಬಂದರು. 2013ರಲ್ಲಿ ಪ್ರಕಟವಾದ ಲೆಕ್ಕದಂತೆ ಸಂದೇಶ ಪಡೆದವರಲ್ಲಿ ಶೇಕಡಾ 18 ಮಂದಿ ಮಧುಮೇಹಿಗಳಾದರು, ಪಡೆಯದವರಲ್ಲಿ ಶೇಕಡಾ 27. ನಾಲ್ಕು ಸಾಲಿನ ಸಂದೇಶಕ್ಕೆ ಇಷ್ಟು ಬಲವಿರುವಾಗ, ಒಂದೇ ಕೋಣೆಯಲ್ಲಿ ಮಲಗುವ, ಒಂದೇ ಲೋಕಲ್ ಗಾಡಿಯಲ್ಲಿ ಬರುವ ಗೆಳೆಯರು ಒಬ್ಬರಿಗೊಬ್ಬರು ನೆನಪಿಸಿದರೆ ಏಕಾಗದು?

"ನಾಳೆ ಎಂದವನ ಮನೆ ಹಾಳು" ಎಂಬ ಮಾತು ಕೆಲಸವನ್ನು ನಾಳೆಗೆ ತಳ್ಳುವವನಿಗೆ ಹೇಳಿದ್ದು. ನಾಳೆಯನ್ನು ನೋಡಿ ಇಂದೇ ಕೆಲಸ ಮಾಡುವವನಿಗೆ ಅದು ತಾಗದು. ವಯಸ್ಸು ಮೂವತ್ತು ದಾಟಿದ, ಮನೆಯಲ್ಲಿ ತಂದೆಗೋ ತಾಯಿಗೋ ಸಕ್ಕರೆ ಕಾಯಿಲೆಯಿರುವ, ಇನ್ನೂ ಒಮ್ಮೆಯೂ ರಕ್ತ ಪರೀಕ್ಷಿಸಿಕೊಳ್ಳದ ನಮ್ಮ ವಾಚಕರು ಬರುವ ವಾರದ ಬಿಡುವಿನ ದಿನ ಹತ್ತಿರದ ಸರಕಾರಿ ಅಥವಾ ಮುನಿಸಿಪಲ್ ದವಾಖಾನೆಗೆ ಹೋಗಿಬರಬೇಕೆಂದು ನಮ್ಮ ಪ್ರಾರ್ಥನೆ. ಉಪವಾಸದ ಪರೀಕ್ಷೆಯಾದುದರಿಂದ ಬೆಳಗಿನ ಚಹಾವನ್ನು ಕುಡಿಯದೆ ಹೋಗಬೇಕು ಎಂಬುದನ್ನು ಮರೆಯಬಾರದು.